ಮಹಿಷಾಸುರನಿಗೂ ಜಾಗ ಬಿಟ್ಟು ಗೇನ್ ಇಡಿ

ಯಕ್ಷಗಾನ ರೆಕಾರ್ಡಿಂಗಿಗೆ ಹೊಸದಾಗಿ ಇಳಿಯುವ ಹುಡುಗರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ, "ಅಣ್ಣ, ಈ ಬಾಕ್ಸ್ 192 ಕಿಲೋಹರ್ಟ್ಸ್ ತೆಗೀತದಾ?" ನಾನು ತಿರುಗಿ ಕೇಳುತ್ತೇನೆ, "ನಿನ್ನ ಬ್ಯಾಗಿನಲ್ಲಿ ಮಲ್ಟಿಮೀಟರ್ ಉಂಟಾ?" ಹೆಚ್ಚಿನವರಲ್ಲಿ ಇರುವುದಿಲ್ಲ. ಇಡೀ ರಾತ್ರಿಯ ಆಟದ ರೆಕಾರ್ಡಿಂಗ್ ಕಿಲೋಹರ್ಟ್ಸ್ ಕಡಿಮೆಯಾಗಿ ಹಾಳಾದದ್ದನ್ನು ನಾನು ಕಂಡಿಲ್ಲ. ಅರ್ಥಿಂಗ್ ಸರಿಯಿಲ್ಲದೆ, ಗೇನ್ ಹೆಚ್ಚಾಗಿ, ಎರಡು ಪೆಟ್ಟಿಗೆಗಳ ಕ್ಲಾಕ್ ಹೊಂದದೆ ಹಾಳಾದದ್ದು ಬೇಕಷ್ಟು. ಈ ಮೂರನ್ನೂ ಸರಿ ಇಟ್ಟುಕೊಳ್ಳಲು ದೊಡ್ಡ ದುಡ್ಡು ಬೇಡ, ಒಂದು ಕ್ರಮ ಬೇಕು. ಆ ಕ್ರಮ ಗೊತ್ತಿದ್ದವನ ಕೈಯಲ್ಲಿ ಸಾಧಾರಣ ಪೆಟ್ಟಿಗೆಯೂ ಚೆನ್ನಾಗಿ ಕೆಲಸ ಮಾಡುತ್ತದೆ.

ಪೆಟ್ಟಿಗೆ ಎಂದರೆ ಮಲ್ಟಿಚಾನೆಲ್ ಅನಲಾಗ್-ಟು-ಡಿಜಿಟಲ್ ಕನ್ವರ್ಟರ್. ಹಿಂದೆ ಎಂಟು ಸಾಕೆಟ್, ಮುಂದೆ ಎಂಟು ಚಾನೆಲಿನ ದೀಪಗಳು, ಕಂಪ್ಯೂಟರಿಗೆ ಹೋಗುವ ಒಂದು ಯುಎಸ್‌ಬಿ ಕೇಬಲ್. ನೋಡಲು ಇಷ್ಟೇ.

ಅಳೆಯುವುದು, ಬರೆಯುವುದು

ಚೆಂಡೆಗೆ ಕೋಲು ಬಿದ್ದಾಗ ಗಾಳಿ ಅದುರುತ್ತದೆ. ಮೈಕ್ ಆ ಅದುರನ್ನು ಏರಿಳಿಯುವ ವೋಲ್ಟೇಜ್ ಮಾಡಿ ವಯರಿಗೆ ಬಿಡುತ್ತದೆ. ಕನ್ವರ್ಟರ್ ಆ ವೋಲ್ಟೇಜನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದು ಕಂಪ್ಯೂಟರಿಗೆ ದಾಟಿಸುತ್ತದೆ. ಎಂಟು ಚಾನೆಲ್ ಇದ್ದರೆ ಎಂಟನ್ನೂ ಒಂದೇ ಕ್ಷಣದಲ್ಲಿ ಅಳೆಯುತ್ತದೆ. ಒಮ್ಮೆ ಸಂಖ್ಯೆಯಾದ ಮೇಲೆ ಎಷ್ಟು ಕಾಪಿ ತೆಗೆದರೂ ಸವೆಯುವುದಿಲ್ಲ. ಹಾಗೆಯೇ, ಸಂಖ್ಯೆಯಾಗುವ ಮೊದಲು ಸೇರಿಕೊಂಡ ಹಮ್ಮಿಂಗ್ ಮತ್ತು ಒಡಕು ಸದ್ದೂ ಸವೆಯದೆ ಉಳಿದುಬಿಡುತ್ತವೆ.

ಸೆಕೆಂಡಿಗೆ ಎಷ್ಟು ಸಲ ಅಳೆದರೆ ಸಾಕು? ಹಿಡಿಯಬೇಕಾದ ಅತಿ ಎತ್ತರದ ಸ್ವರದ ಕಂಪನದ ಎರಡು ಪಟ್ಟಿಗಿಂತ ತುಸು ಹೆಚ್ಚು. ಇದರ ಬೇರು ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಬರೆದ ಪ್ರಬಂಧದಲ್ಲಿದೆ. ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತದಿಂದ ಗಟ್ಟಿ ಮಾಡಿದರು. ನಮ್ಮ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತದೆ. ಆದ್ದರಿಂದಲೇ ಸಿ.ಡಿ.ಗೆ 44,100 ಸಾಕಾಯಿತು, ವಿಡಿಯೋ ಕೆಲಸಕ್ಕೆ 48,000 ರೂಢಿಯಾಯಿತು. ಆಟಕ್ಕೆ ಹೇಗೂ ಕ್ಯಾಮೆರಾದವರು ಬಂದೇ ಬರುತ್ತಾರೆ, ಹಾಗಾಗಿ ನಾನು 48,000ಕ್ಕೇ ಇಡುತ್ತೇನೆ. 192ರಲ್ಲಿ ಹೆಚ್ಚುವರಿಯಾಗಿ ಸಿಗುವ ಸದ್ದನ್ನು ಕೇಳಬಲ್ಲ ಪ್ರೇಕ್ಷಕರೆಂದರೆ ಗದ್ದೆಯ ಮೇಲೆ ಹುಳ ಹಿಡಿಯುತ್ತ ಹಾರುವ ಸಣ್ಣ ಬಾವಲಿಗಳು ಮಾತ್ರ. ಫೈಲಿನ ಗಾತ್ರವಂತೂ ನಾಲ್ಕು ಪಟ್ಟು ಆಗುತ್ತದೆ.

ಇನ್ನು ಬಿಟ್. ಪ್ರತಿ ಅಳತೆ ಎಷ್ಟು ನವಿರಾಗಿರಬೇಕು ಎಂಬುದರ ಲೆಕ್ಕ ಇದು. 16 ಬಿಟ್ ಎಂದರೆ 65,536 ಮೆಟ್ಟಿಲು, 24 ಬಿಟ್ ಎಂದರೆ 1,67,77,216 ಮೆಟ್ಟಿಲು. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವೆ ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬಲ್ ಅಂತರ ಸಿಗುತ್ತದೆ. ಇಲ್ಲಿ ಜಿಪುಣತನ ಬೇಡ, 24ಕ್ಕೇ ಇಡಿ. ಕಾರಣವನ್ನು ಗೇನ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಈ ಸೌಲಭ್ಯದ ಬೆಲೆ ತಿಳಿಯಬೇಕಾದರೆ ಜಪಾನಿನ ಡೆನಾನ್ ಕಂಪನಿ 1972ರಲ್ಲಿ ಬಳಕೆಗೆ ತಂದ ಡಿಜಿಟಲ್ ರೆಕಾರ್ಡರನ್ನು ನೆನೆಯಬೇಕು. ಅದಕ್ಕೂ ಎಂಟೇ ಚಾನೆಲ್. ಅಳತೆ 13 ಬಿಟ್, ಸೆಕೆಂಡಿಗೆ 47,250 ಸಲ. ಸಂಖ್ಯೆಗಳನ್ನು ತುಂಬಿಡಲು ಟಿ.ವಿ. ಸ್ಟುಡಿಯೋದ ವಿಡಿಯೋಟೇಪ್ ಯಂತ್ರವೇ ಬೇಕಾಗುತ್ತಿತ್ತು. ಇವತ್ತು ಅದಕ್ಕಿಂತ ಶುದ್ಧವಾಗಿ ಅಳೆಯುವ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗುತ್ತೇವೆ.

ಮೊದಲು ಮೀಟರ್, ಆಮೇಲೆ ಪ್ಲಗ್

ನಮ್ಮ ತೆಂಕುತಿಟ್ಟಿನ ಬಯಲಾಟ ನಡೆಯುವುದು ಕೊಯ್ಲಾದ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ, ಯಾರದೋ ಮನೆಯಂಗಳದಲ್ಲಿ. ಕರೆಂಟು ಪಕ್ಕದ ಮನೆಯ ಬೋರ್ಡಿನಿಂದಲೋ ಜನರೇಟರಿನಿಂದಲೋ ಬರುತ್ತದೆ. ವಯರುಗಳು ಹುಲ್ಲಿನ ಮೇಲೆ ಹರಿದಿರುತ್ತವೆ, ನಡುರಾತ್ರಿ ಕಳೆದರೆ ಅವುಗಳ ಮೇಲೆ ಇಬ್ಬನಿ ಬೀಳುತ್ತದೆ. ಕನ್ವರ್ಟರಿನ ಸುರಕ್ಷತೆ ಶುರುವಾಗುವುದು ಇಲ್ಲಿಂದ.

ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು ಇರಬೇಕು. 207ರಿಂದ 253ರ ಒಳಗಿದ್ದರೆ ಚಿಂತೆಯಿಲ್ಲ. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಾರು ವೋಲ್ಟ್ ಬಂದರೆ ಅರ್ಥಿಂಗ್ ಇಲ್ಲ ಅಥವಾ ನ್ಯೂಟ್ರಲ್ ಸಡಿಲವಾಗಿದೆ ಎಂದೇ ತಿಳಿಯಬೇಕು. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಳಚಿದರೆ ಒಂದು ಸಾಕೆಟ್ಟಿನ ವೋಲ್ಟೇಜ್ 400ರತ್ತ ಏರಬಹುದು, ಇನ್ನೊಂದರದು ಕುಸಿಯಬಹುದು. ಅಂಥ ಹೊತ್ತಿನಲ್ಲಿ ಪೆಟ್ಟಿಗೆ ಸುಡಲು ಕ್ಷಣ ಸಾಕು. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಲೈವ್ ಸಾಕೆಟ್ಟಿಗೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ನರನ್ನು ಕರೆದು ಅಳೆಸಿ. ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವ ಬೋರ್ಡಿನಿಂದಲೇ ಲೈನ್ ಕೊಡಿ ಎಂದು ಕೇಳಲು ಸಂಕೋಚ ಬೇಡ. ಹೊರದೇಶದಿಂದ ತರಿಸಿದ ಹಳೇ ಪೆಟ್ಟಿಗೆಯಾದರೆ ಹಿಂಬದಿಯ ವೋಲ್ಟೇಜ್ ಸ್ವಿಚ್ 115ರಲ್ಲಿದೆಯೋ 230ರಲ್ಲಿದೆಯೋ ನೋಡಿ, ಫ್ಯೂಸನ್ನೂ ಅದಕ್ಕೆ ತಕ್ಕದ್ದೇ ಹಾಕಿ.

ಈಗ ಹಮ್ಮಿಂಗ್ ವಿಷಯ. ಮೈಕ್ ಸೆಟ್ಟಿನವರ ಮಿಕ್ಸರ್ ಒಂದು ಸಾಕೆಟ್ಟಿನಲ್ಲಿ, ನಮ್ಮ ಕನ್ವರ್ಟರ್ ಇನ್ನೊಂದು ಮೂಲೆಯ ಸಾಕೆಟ್ಟಿನಲ್ಲಿ ಇದ್ದರೆ ಎರಡೂ ಅರ್ಥುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಆಡಿಯೋ ಕೇಬಲಿನ ಶೀಲ್ಡ್ ಅವೆರಡನ್ನೂ ಜೋಡಿಸಿದ ಕೂಡಲೇ 50 ಹರ್ಟ್ಸಿನ ಗುಂಯ್‌ಗುಡುವಿಕೆ ಶುರು. ಇದಕ್ಕೆ ಬಯಲಿನಲ್ಲಿ ನಡೆಯುವ ನಾಟಿ ಮದ್ದು ಒಂದಿದೆ. ನನಗೇ ಒಬ್ಬ ಹುಡುಗ ಕಟಿಂಗ್ ಪ್ಲೇಯರ್ ಹಿಡಿದುಕೊಂಡು ಬಂದು ಹೇಳಿದ್ದ, "ಅರ್ಥ್ ಪಿನ್ ಕಟ್ ಮಾಡಿದ್ರೆ ಹಮ್ಮಿಂಗ್ ಹೋಗ್ತದೆ ಮಾರಾಯ್ರೆ." ಅವನು ಹೇಳಿದ್ದು ಸುಳ್ಳಲ್ಲ, ಹೋಗುತ್ತದೆ. ಅಪಾಯ ಇರುವುದೂ ಅದರಲ್ಲೇ. ಸದ್ದು ನಿಂತಿತಲ್ಲ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಪೆಟ್ಟಿಗೆಯ ಒಳಗೆ ಒಂದು ವಯರ್ ಕಳಚಿ ಅದರ ಲೋಹದ ಮೈಗೆ ತಾಗಿದರೆ ಕರೆಂಟಿಗೆ ಭೂಮಿಗೆ ಇಳಿಯುವ ದಾರಿ ಇರುವುದಿಲ್ಲ. ಆಗ ಅದು ಕೇಬಲ್ ಹಿಡಿದು ಮೈಕಿನವರೆಗೆ ಬರುತ್ತದೆ, ಮೈಕಿಗೆ ತುಟಿ ತಾಗಿಸಿ ಕುಳಿತವರು ಭಾಗವತರು.

ಅರ್ಥ್ ಪಿನ್ನಿಗೆ ಯಾರೂ ಕೈ ಹಚ್ಚಬಾರದು. ಸರಿಯಾದ ದಾರಿ ಎರಡಿವೆ. ಒಂದು, ಮಿಕ್ಸರ್ ಮತ್ತು ಕನ್ವರ್ಟರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದು, ಲೈಟಿಂಗ್ಸಿನ ಲೈನನ್ನು ಬೇರೆ ಮಾಡುವುದು. ಎರಡು, ಆಡಿಯೋ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುವುದು. ಟ್ರಾನ್ಸ್‌ಫಾರ್ಮರ್ ಇರುವ ಮೈಕ್ ಸ್ಪ್ಲಿಟರ್ ಒಂದೇ ಮೈಕಿನ ಸಿಗ್ನಲನ್ನು ಮೈಕ್ ಸೆಟ್ಟಿಗೊಂದು, ನಮಗೊಂದು ಎಂದು ಎರಡು ಮಾಡುತ್ತದೆ. ಸದ್ದು ದಾಟುತ್ತದೆ, ಅರ್ಥ್ ದಾಟುವುದಿಲ್ಲ.

ಕನ್ವರ್ಟರಿಗೆ ಆನ್‌ಲೈನ್ ಯುಪಿಎಸ್ ಇದ್ದರೆ ಜನರೇಟರಿನ ಏರಿಳಿತದಿಂದಲೂ ರಕ್ಷಣೆ ಸಿಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಎಂದು ಧೈರ್ಯ ಬೇಡ. ಗೋಡೆಯ ಕರೆಂಟಿನಲ್ಲಿ ನಡೆಯುವ ಕನ್ವರ್ಟರಿಗೆ ಬ್ಯಾಟರಿ ಇಲ್ಲ, ಅದು ಸತ್ತರೆ ಲ್ಯಾಪ್‌ಟಾಪ್ ಎದ್ದಿದ್ದು ಏನೂ ಪ್ರಯೋಜನವಿಲ್ಲ.

ಎಂಟು ಚಾನೆಲ್, ಎಂಟು ಕೆಲಸ

ನನ್ನ ಹಂಚಿಕೆ ಹೀಗಿರುತ್ತದೆ. ಒಂದನೆಯದು ಭಾಗವತರು. ಎರಡು, ಮೂರು ಮದ್ದಳೆಯ ಬಲ ಮತ್ತು ಎಡ. ನಾಲ್ಕು ಚೆಂಡೆ. ಐದು ಚಕ್ರತಾಳ ಮತ್ತು ಶ್ರುತಿ. ಆರು, ಏಳು ರಂಗಸ್ಥಳದ ಮುಂದೆ, ವೇಷಧಾರಿಗಳ ಮಾತಿಗೆ. ಎಂಟನೆಯದು ಮೈಕ್ ಸೆಟ್ಟಿನವರ ಮಿಕ್ಸರಿನಿಂದ ಬರುವ ಒಟ್ಟು ಸದ್ದು. ಬೇರೆ ಯಾವುದಾದರೂ ಮೈಕ್ ಕೈಕೊಟ್ಟರೆ ಆಸರೆಗೆ.

ಕನ್ವರ್ಟರ್ ಬಯಸುವುದು ಲೈನ್ ಲೆವೆಲ್ ಸಿಗ್ನಲ್. ವೃತ್ತಿಪರ ಸಾಧನಗಳಲ್ಲಿ ಅದರ ಸಾಮಾನ್ಯ ಮಟ್ಟ ಸುಮಾರು 1.23 ವೋಲ್ಟ್. ಮೈಕ್ ಕೊಡುವುದು ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್. ನಡುವೆ ಸಿಗ್ನಲನ್ನು ಹಿಗ್ಗಿಸುವ ಪ್ರೀಆಂಪ್ ಬೇಕು; ಎಷ್ಟು ಹಿಗ್ಗಿಸುತ್ತೇವೆ ಎಂಬುದೇ ಗೇನ್. ಕೆಲವು ಪೆಟ್ಟಿಗೆಗಳಲ್ಲಿ ಅದು ಒಳಗೇ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು. ಪ್ರೀಆಂಪ್ ಇಲ್ಲದ ಕನ್ವರ್ಟರಿಗೆ ಮೈಕ್ ಚುಚ್ಚಿದರೆ ಪಿಸುಮಾತು ಬಿಟ್ಟರೆ ಬೇರೇನೂ ಸಿಗದು.

ಕೇಬಲ್ ಬ್ಯಾಲೆನ್ಸ್ಡ್ ಆಗಿರಲಿ. ಎಕ್ಸ್‌ಎಲ್‌ಆರ್‌ನಲ್ಲಿ ಒಂದನೇ ಪಿನ್ ಶೀಲ್ಡ್, ಎರಡು ಮತ್ತು ಮೂರನೇ ಪಿನ್ನುಗಳಲ್ಲಿ ಒಂದೇ ಸದ್ದು, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ದಾರಿಯಲ್ಲಿ ಸೇರುವ ಗಲಾಟೆ ಎರಡೂ ವಯರಿಗೆ ಸಮನಾಗಿ ಸೇರುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗಲಾಟೆ ಹೋಗಿ ಸದ್ದು ಉಳಿಯುತ್ತದೆ. ಎಂಟೂ ಚಾನೆಲ್ ಒಂದೇ ಕನೆಕ್ಟರಿನಲ್ಲಿ ಬರುವ ಡಿಬಿ-25 ಕೇಬಲ್ ಕೊಳ್ಳುವಾಗ ಪಿನ್ ಜೋಡಣೆ ವಿಚಾರಿಸಿ. ಆಕಾರ ಒಂದೇ ಇದ್ದರೂ ಒಂದೊಂದು ಕಂಪನಿ ಒಂದೊಂದು ರೀತಿ ಜೋಡಿಸುವುದುಂಟು.

ಕಂಡೆನ್ಸರ್ ಮೈಕುಗಳಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಅದಕ್ಕೆ ನಿಯಮ ಸರಳ. ಮೈಕ್ ಚುಚ್ಚಿ, ಗೇನ್ ಪೂರ್ತಿ ಇಳಿಸಿ, ಹೆಡ್‌ಫೋನನ್ನು ಕಿವಿಯಿಂದ ತೆಗೆದು, ಆಮೇಲೆ ಫ್ಯಾಂಟಮ್ ಹಾಕಿ. ತೆಗೆಯುವಾಗ ಮೊದಲು ಫ್ಯಾಂಟಮ್ ಆರಿಸಿ, ಅರ್ಧ ನಿಮಿಷ ಬಿಟ್ಟು ಕೇಬಲ್ ಎಳೆಯಿರಿ. ಫ್ಯಾಂಟಮ್ ಇರುವಾಗಲೇ ಎಳೆದರೆ ಒಳಗಿನ ಕೆಪಾಸಿಟರುಗಳು ಒಮ್ಮೆಲೇ ಖಾಲಿಯಾಗಿ 'ಢಂ' ಎನ್ನುತ್ತವೆ. ಪ್ರೀಆಂಪಿನ ಒಳಭಾಗಕ್ಕೂ ನಿಮ್ಮ ಕಿವಿಗೂ ಅದು ಒಳ್ಳೆಯದಲ್ಲ. ಇನ್ನೊಂದು ಸಂಗತಿ: ಟ್ರಾನ್ಸ್‌ಫಾರ್ಮರ್ ಸ್ಪ್ಲಿಟರಿನ ಪ್ರತ್ಯೇಕಿಸಿದ ಬದಿಯಿಂದ ಫ್ಯಾಂಟಮ್ ಮೈಕಿಗೆ ತಲುಪುವುದಿಲ್ಲ. ನೇರ ಬದಿಯವರೇ ಕೊಡಬೇಕು. ನೇರ ಬದಿ ಯಾರದ್ದು ಎಂದು ಮೈಕ್ ಸೆಟ್ಟಿನವರೊಂದಿಗೆ ಸಂಜೆಯೇ ಮಾತಾಡಿಕೊಳ್ಳಿ.

ಗೇನ್

ಸಂಜೆ ಮೈಕ್ ಟೆಸ್ಟಿಗೆ ಚೆಂಡೆಯವರು ನಾಲ್ಕು ಪೆಟ್ಟು ಹಾಕುತ್ತಾರೆ. ಅದು ಸಂಜೆಯ ಪೆಟ್ಟು. ರಾತ್ರಿ 'ದೇವಿ ಮಹಾತ್ಮೆ' ಪ್ರಸಂಗದಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತ ಬರುವಾಗ ಅದೇ ಚೆಂಡೆಗೆ ಬೀಳುವ ಪೆಟ್ಟೇ ಬೇರೆ. ಜೊತೆಗೆ ಜನರ ಕೇಕೆ, ಸಿಳ್ಳೆ, ಎಷ್ಟೋ ಕಡೆ ಗರ್ನಾಲು. ಸಂಜೆಯ ಪೆಟ್ಟು ನೋಡಿ ಗೇನ್ ಇಟ್ಟವರು ಆ ಹತ್ತು ನಿಮಿಷವನ್ನು ಕಳೆದುಕೊಳ್ಳುತ್ತಾರೆ. ಜನ ಮತ್ತೆ ಮತ್ತೆ ಕೇಳಬಯಸುವುದೂ ಆ ಹತ್ತು ನಿಮಿಷವನ್ನೇ.

ಡಿಜಿಟಲ್ ಮೀಟರಿನ ತುದಿ ಸೊನ್ನೆ. ಅದರ ಮೇಲೆ ಸಂಖ್ಯೆಯೇ ಇಲ್ಲ. ಹಳೆಯ ಟೇಪಿನಲ್ಲಿ ಸದ್ದು ಹೆಚ್ಚಾದರೆ ನಿಧಾನಕ್ಕೆ ಒತ್ತಿಕೊಂಡು ಬರುತ್ತಿತ್ತು, ಕಿವಿ ಅದನ್ನು ಸಹಿಸುತ್ತಿತ್ತು. ಇಲ್ಲಿ ತರಂಗದ ತಲೆ ಕತ್ತರಿಸಿ ಬೀಳುತ್ತದೆ, ಚೆಂಡೆಯ ನಾದ ಹೋಗಿ ತಗಡಿನ ಸದ್ದು ಉಳಿಯುತ್ತದೆ. ಆದ್ದರಿಂದ ಸರಾಸರಿ ಸದ್ದು ಮೈನಸ್ 18 ಡೆಸಿಬಲಿನ ಸುತ್ತ ಓಡಾಡಲಿ. ಸಂಜೆಯ ಅತಿ ಗಟ್ಟಿ ಪೆಟ್ಟು ಮೈನಸ್ 12ನ್ನು ದಾಟದಿರಲಿ. ಚೆಂಡೆಗೆ ನಾನು ಇನ್ನೂ ಆರು ಡೆಸಿಬಲ್ ಕೆಳಗಿಡುತ್ತೇನೆ.

"ಇಷ್ಟು ಕೆಳಗಿಟ್ಟರೆ ಕ್ವಾಲಿಟಿ ಹೋಗುವುದಿಲ್ಲವಾ?" ಎಂದು ಕೇಳುವವರಿದ್ದಾರೆ. 24 ಬಿಟ್ ಇರುವುದೇ ಇದಕ್ಕೆ. ಹನ್ನೆರಡು ಡೆಸಿಬಲ್ ಖಾಲಿ ಬಿಟ್ಟರೆ ಕಳೆದುಕೊಳ್ಳುವುದು ಎರಡು ಬಿಟ್, ಇನ್ನೂ ಇಪ್ಪತ್ತೆರಡು ಉಳಿಯುತ್ತವೆ. ಕಾಗದದ ಮೇಲೆ 24 ಬಿಟ್ಟಿಗೆ 144 ಡೆಸಿಬಲ್ ಅಂತರ. ಒಳ್ಳೆಯ ಕನ್ವರ್ಟರುಗಳೂ ನಿಜದಲ್ಲಿ 110ರಿಂದ 120ರ ಸುತ್ತ ನಿಲ್ಲುತ್ತವೆ. ಗದ್ದೆಯ ಜೀರುಂಡೆ, ಚರುಮುರಿ ಗಾಡಿ, ಜನರೇಟರಿನ ಗುಡುಗುಡು, ಇವೆಲ್ಲ ಪೆಟ್ಟಿಗೆಯ ಒಳಗದ್ದಲಕ್ಕಿಂತ ಎಷ್ಟೋ ಪಟ್ಟು ಜೋರು. ಗೇನ್ ಏರಿಸಿ ಗಳಿಸುವುದು ಏನೂ ಇಲ್ಲ.

ಕಂಪ್ಯೂಟರಿನ ಮೀಟರ್ ತಗ್ಗಿದ್ದೂ ಸದ್ದು ಒಡೆದು ಕೇಳುವುದುಂಟು. ಒಡೆದದ್ದು ಮೊದಲೇ, ಪ್ರೀಆಂಪಿನಲ್ಲಿ. ಅಲ್ಲಿನ ಕೆಂಪು ದೀಪವನ್ನೂ ನೋಡಬೇಕು, ಬೇಕಾದರೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಒತ್ತಬೇಕು. ಹೊಸ 32 ಬಿಟ್ ಫ್ಲೋಟ್ ರೆಕಾರ್ಡರುಗಳು ಸಾಮಾನ್ಯವಾಗಿ ಒಂದೇ ಚಾನೆಲಿಗೆ ಬೇರೆ ಬೇರೆ ಗೇನಿನ ಎರಡು ಕನ್ವರ್ಟರ್ ಇಟ್ಟು ಈ ತಲೆನೋವನ್ನು ಬಹಳಷ್ಟು ಕಡಿಮೆ ಮಾಡಿವೆ. ಆದರೂ ಮೈಕೇ ಸೋತರೆ ಅವುಗಳ ಬಳಿಯೂ ಮದ್ದಿಲ್ಲ.

ಕ್ಲಾಕ್ ಒಂದೇ ಇರಲಿ

ಜೋಡಾಟಕ್ಕೆ, ಅಂದರೆ ಎರಡು ಮೇಳಗಳು ಎದುರುಬದುರು ಆಡುವಾಗ, ಎಂಟು ಚಾನೆಲ್ ಸಾಲುವುದಿಲ್ಲ. ಆಗ ಎರಡು ಪೆಟ್ಟಿಗೆಗಳನ್ನು ಆಪ್ಟಿಕಲ್ ಕೇಬಲಿನಿಂದ ಸೇರಿಸುತ್ತೇವೆ. ಅಡ್ಯಾಟ್ ಎಂಬ ಈ ಜೋಡಣೆ ಬಂದದ್ದು ಅಲೆಸಿಸ್ ಕಂಪನಿ 1990ರ ದಶಕದ ಆರಂಭದಲ್ಲಿ ತಂದ ಎಂಟು ಟ್ರ್ಯಾಕಿನ ಟೇಪ್ ರೆಕಾರ್ಡರಿನಿಂದ. ಆ ಯಂತ್ರ ಮೂಲೆ ಸೇರಿತು, ಕೇಬಲ್ ಮಾತ್ರ ಇಂದಿಗೂ ನಡೆದಿದೆ. 48,000ದಲ್ಲಿ ಅದು ಎಂಟು ಚಾನೆಲ್ ಒಯ್ಯುತ್ತದೆ, 96,000ಕ್ಕೆ ಏರಿಸಿದರೆ ನಾಲ್ಕೇ. ಒಳಗಿರುವುದು ಬೆಳಕಾದ್ದರಿಂದ ಹಮ್ಮಿಂಗ್ ದಾಟುವುದಿಲ್ಲ. ಮಡಚಿ ಹಿಂಡಿದರೆ ಮಾತ್ರ ಕೆಡುತ್ತದೆ.

ಪ್ರತಿ ಕನ್ವರ್ಟರಿನಲ್ಲೂ ಅಳೆಯುವ ಕ್ಷಣವನ್ನು ಹೇಳುವ ಒಂದು ಕ್ಲಾಕ್ ಇರುತ್ತದೆ. ಎರಡು ಪೆಟ್ಟಿಗೆಗಳು ಸ್ವಂತ ಕ್ಲಾಕಿನಲ್ಲಿ ನಡೆದರೆ, ಒಂದೇ ಪದಕ್ಕೆ ಇಬ್ಬರು ಭಾಗವತರು ಬೇರೆ ಬೇರೆ ಕಾಲದಲ್ಲಿ ಜಾಗಟೆ ಹೊಡೆದಂತೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ಹತ್ತರಷ್ಟೇ ಇದ್ದರೂ, 48,000ದಲ್ಲಿ ಸುಮಾರು ಎರಡು ಸೆಕೆಂಡಿಗೊಮ್ಮೆ ಒಂದು ಅಳತೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಕಿವಿಗೆ ಅದು 'ಟಿಕ್' ಎಂದು ಕೇಳುತ್ತದೆ. ಮೊದಲಿಗೆ ಎಲ್ಲರೂ ಬೈಯುವುದು ಕೇಬಲನ್ನು. ಪರಿಹಾರ ಒಂದು ಸೆಟ್ಟಿಂಗಿನಲ್ಲಿದೆ: ಒಂದನ್ನು 'ಇಂಟರ್ನಲ್'ನಲ್ಲಿಟ್ಟು ಮಾಸ್ಟರ್ ಮಾಡಿ, ಇನ್ನೊಂದನ್ನು 'ಆಪ್ಟಿಕಲ್'ಗೆ ಹಾಕಿ ಹಿಂಬಾಲಿಸಲು ಬಿಡಿ. ಕ್ಲಾಕನ್ನು ಪ್ರತ್ಯೇಕ ಕೇಬಲಿನಲ್ಲಿ ಒಯ್ಯುವ ವರ್ಡ್ ಕ್ಲಾಕ್ ಬಳಸುವವರು 75 ಓಮ್ ಕೇಬಲನ್ನೇ ಬಳಸಿ, ಸಾಲಿನ ಕೊನೆಯ ಪೆಟ್ಟಿಗೆಯಲ್ಲಿ ಟರ್ಮಿನೇಶನ್ ಆನ್ ಇರಲಿ.

ಕ್ಯಾಮೆರಾಕ್ಕೂ ಸ್ವಂತ ಕ್ಲಾಕ್ ಇದೆ. ಮೇಲೆ ಹೇಳಿದಷ್ಟೇ ವ್ಯತ್ಯಾಸ ಇದ್ದರೂ ಎಂಟು ಗಂಟೆಯ ಆಟ ಮುಗಿಯುವ ಹೊತ್ತಿಗೆ ಸದ್ದಿಗೂ ಚಿತ್ರಕ್ಕೂ ಕಾಲು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದಿರುತ್ತದೆ. ಕ್ಯಾಮೆರಾದ ಮುಂದೆ ಗಂಟೆಗೊಮ್ಮೆ ಚಪ್ಪಾಳೆ ತಟ್ಟಿಸಿಕೊಂಡರೆ ಎಡಿಟಿಂಗಿನಲ್ಲಿ ಹೊಂದಿಸುವುದು ಸುಲಭ.

ಜಾಗದ ಲೆಕ್ಕ

ಎಂಟು ಚಾನೆಲ್, 48,000 ಅಳತೆ, ಅಳತೆಗೆ ಮೂರು ಬೈಟ್: ಸೆಕೆಂಡಿಗೆ 11,52,000 ಬೈಟ್, ಗಂಟೆಗೆ ಸುಮಾರು 4.15 ಜಿಬಿ, ಎಂಟು ಗಂಟೆಗೆ 33 ಜಿಬಿ. ಸಾಮಾನ್ಯ ವೇವ್ ಫೈಲ್ 4 ಜಿಬಿಗೆ ನಿಂತುಬಿಡುತ್ತದೆ. ಎಂಟನ್ನೂ ಒಂದೇ ಫೈಲಿಗೆ ಬರೆದರೆ ಒಂದು ಗಂಟೆ ಎರಡು ನಿಮಿಷಕ್ಕೆ ಮಿತಿ ಮುಟ್ಟಿತು. ಚಾನೆಲಿಗೊಂದು ಮೋನೋ ಫೈಲ್ ಮಾಡಿದರೆ ಎಂಟು ಗಂಟೆಗೂ ತುಸು ಹೆಚ್ಚೇ ಹಿಡಿಯುತ್ತದೆ. ಆದರೂ ಪ್ರಸಂಗದ ನಡುವೆ ಬಿಡುವು ಸಿಕ್ಕಲ್ಲಿ ನಿಲ್ಲಿಸಿ ಹೊಸದು ಶುರು ಮಾಡುವುದು ಜಾಣತನ. ಕರೆಂಟು ಹೋದರೆ ನಷ್ಟ ಕೊನೆಯ ತುಂಡಿಗೆ ಮಾತ್ರ.

ಲ್ಯಾಪ್‌ಟಾಪಿನಲ್ಲಿ ಸ್ಲೀಪ್, ಅಪ್‌ಡೇಟ್, ವೈಫೈ ಮೂರನ್ನೂ ಆರಿಸಿ. ರೆಕಾರ್ಡಿಂಗ್ ಬಫರನ್ನು 1,024 ಅಳತೆಗಳಿಗೆ ಏರಿಸಿ; ಅದರಿಂದ ಬರುವ 21 ಮಿಲಿಸೆಕೆಂಡ್ ತಡ ರೆಕಾರ್ಡಿಂಗಿಗೆ ಲೆಕ್ಕಕ್ಕಿಲ್ಲ. ಯುಎಸ್‌ಬಿ ಕೇಬಲನ್ನು ಮೇಜಿನ ಕಾಲಿಗೆ ಕಟ್ಟಿಬಿಡಿ, ಚಾ ತರುವವರ ಕಾಲಿಗೆ ಮೊದಲು ಸಿಗುವುದು ಅದೇ.

ಬಯಲಿನಲ್ಲಿ ಪೆಟ್ಟಿಗೆಗೆ ಇನ್ನೊಂದು ಶತ್ರು ಹುಳ. ದೀಪಕ್ಕೆ ಮುತ್ತುವ ಹಾತೆಗಳು ಗಾಳಿಕಿಂಡಿಯಿಂದ ಒಳಗಿಳಿಯುತ್ತವೆ. ಅದಕ್ಕೆಂದು ಬಟ್ಟೆ ಹೊದಿಸಿದರೆ ಪೆಟ್ಟಿಗೆ ಬಿಸಿಯಾಗುತ್ತದೆ. ಮುಂಭಾಗದ ದೀಪದ ಹೊಳಪು ಇಳಿಸಿ, ಟ್ಯೂಬ್‌ಲೈಟಿನಿಂದ ದೂರ ಇಟ್ಟರೆ ಸಾಕು. ಎ.ಸಿ. ಕಾರಿನಿಂದ ಇಳಿಸಿದ ಪೆಟ್ಟಿಗೆಯನ್ನು ಕೂಡಲೇ ಆನ್ ಮಾಡಬಾರದು, ಒಳಗೆ ನೀರಪಸೆ ಕಟ್ಟಿರುತ್ತದೆ. ಅರ್ಧ ಗಂಟೆಯಾದರೂ ಹೊರಗಿನ ಗಾಳಿಗೆ ಹೊಂದಿಕೊಳ್ಳಲಿ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಅದನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿಟ್ಟು, ಆಗಾಗ ತೆಗೆದು ಒಂದಿಷ್ಟು ಹೊತ್ತು ಓಡಿಸಬೇಕು. ಕರಾವಳಿಯ ಉಪ್ಪುಗಾಳಿ ಕನೆಕ್ಟರುಗಳನ್ನು ಬಿಡುವುದಿಲ್ಲ.

ಮಂಗಳವಾದ ಮೇಲೆ

ಆನ್ ಮಾಡುವಾಗ ಕನ್ವರ್ಟರ್ ಮೊದಲು, ಸ್ಪೀಕರ್ ಕೊನೆಗೆ; ಆಫ್ ಮಾಡುವಾಗ ಸ್ಪೀಕರ್ ಮೊದಲು. ಬೆಳಗಿನ ನಿದ್ದೆಗಣ್ಣಿನಲ್ಲೂ ಈ ಕ್ರಮ ತಪ್ಪಬಾರದು. ಜಾಗ ಬಿಡುವ ಮೊದಲೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಎರಡನ್ನೂ ಒಂದೇ ಚೀಲದಲ್ಲಿ ಹಾಕಬೇಡಿ. ಮನೆಗೆ ಹೋದ ಮೇಲೆ ಮೂರನೆಯದು, ಬೇರೆ ಊರಿನಲ್ಲಿ ಇಡಲು.

ಜೊತೆಗೆ ಒಂದು ಹಾಳೆ ಇರಲಿ: ಮೇಳ, ಪ್ರಸಂಗ, ತಾರೀಕು, ಯಾವ ಚಾನೆಲಿನಲ್ಲಿ ಯಾರು, ನಡುರಾತ್ರಿ ಮದ್ದಳೆಗೆ ಕೈ ಬದಲಾದರೆ ಎಷ್ಟು ಹೊತ್ತಿಗೆ ಎಂಬುದೂ. ಮದ್ದಳೆ ಕಲಿಯುವ ಮಕ್ಕಳು ಈ ಫೈಲುಗಳಲ್ಲಿ ಉಳಿದ ಚಾನೆಲುಗಳನ್ನು ತಗ್ಗಿಸಿ, ಎಡದ ಮೈಕಿನಲ್ಲಿ ಬೆರಳು ಎಲ್ಲಿ ಒತ್ತುತ್ತದೆ, ಎಲ್ಲಿ ಬಿಡುತ್ತದೆ ಎಂದು ಕೇಳುತ್ತ ಕೂರುತ್ತಾರೆ. ಹೆಸರಿಲ್ಲದ ಫೈಲಿನಿಂದ ಅವರು ನುಡಿಸಾಣಿಕೆ ಕಲಿಯಬಹುದು, ಯಾರಿಂದ ಕಲಿತೆವು ಎಂದು ಹೇಳಲಾರರು. ರೆಕಾರ್ಡ್ ಮಾಡುವ ಮೊದಲು ವೇಷ ಕಟ್ಟುವ ಚೌಕಿಗೆ ಹೋಗಿ ಕಲಾವಿದರ ಒಪ್ಪಿಗೆ ಪಡೆಯಿರಿ. ಆಮೇಲೆ ಅವರವರ ಚಾನೆಲನ್ನು ಅವರಿಗೂ ಕೊಡಿ. ತನ್ನ ಚೆಂಡೆ ಒಂದನ್ನೇ ಬಿಡಿಸಿ ಕೇಳುವ ಅವಕಾಶ ಅವರಲ್ಲಿ ಎಷ್ಟೋ ಜನರಿಗೆ ಸಿಕ್ಕೇ ಇರುವುದಿಲ್ಲ.